ಮಾಯವ್ವ ಮಲಗಿಸಿದ ಊರು

ಹಂಡೆಯ ನೀರು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಮನಿಷಾ ಮೊಣಕೈ ಅದ್ದಿ ನೋಡಿದಳು. ಸುಟ್ಟಿತು. ಒಂದು ತಂಬಿಗೆ ತಣ್ಣೀರು ಸುರಿದು ಮತ್ತೆ ಅದ್ದಿದಳು.

ಅಂಗಳದ ಮೂಲೆಯಲ್ಲಿ ಸೀರೆಯ ಮರೆ ಕಟ್ಟುತ್ತಿದ್ದ ಬಾಳವ್ವ ಕೈ ನಿಲ್ಲಿಸಿ ನೋಡಿದಳು. ಬಾಳವ್ವ ಮನಿಷಾಳ ಸೋದರಮಾವನ ಹೆಂಡತಿ. ನಂದಗಡದ ಈ ಮನೆಯ ಯಜಮಾನಿ.

“ನಿಮ್ಮವ್ವಗ ಇನ್ನ ಬಿಸಿ ಏನು, ತಂಪು ಏನು. ತಾ ಇಲ್ಲೆ.”

“ಭಾಳ ಕಾದಿತ್ತು, ಅತ್ತಿ,” ಎಂದಳು ಮನಿಷಾ.

ಎಳೆ ಕೂಸಿಗೆ ಎರೆಯುವವರು ಹೀಗೆ ಮೊಣಕೈಯಲ್ಲಿ ನೀರು ನೋಡುತ್ತಾರೆ. ಮನಿಷಾಳಿಗೆ ಕೂಸಿಲ್ಲ. ಬೆಳಗಾವಿ–ಖಾನಾಪುರ ದಾರಿಯ ಬಸ್ಸಿನಲ್ಲಿ ಅವಳು ಕಂಡಕ್ಟರ್. ಅವಳ ಕೈಗೆ ಗೊತ್ತಿದ್ದದ್ದು ಟಿಕೆಟ್ ಯಂತ್ರ ಮತ್ತು ಸೀಟಿ. ಮೊಣಕೈಯ ಈ ಬುದ್ಧಿ ಅವ್ವನದು. ಆ ಅವ್ವ, ಬೆಳಗಾವಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೂದಲು ನರೆಯುವವರೆಗೆ ಆಯಾ ಆಗಿ ದುಡಿದ ಮಾಯವ್ವ, ನಿನ್ನೆ ಸಂಜೆ ವಡಗಾವಿಯ ಬಾಡಿಗೆ ಮನೆಯಲ್ಲಿ ಚಹಾದ ಕಪ್ಪು ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ತನ್ನ ಅಪ್ಪನ ಹೊಲದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದರಿಂದ ಬೆಳಗಾಗುತ್ತಲೇ ತವರಿಗೆ ತಂದಿದ್ದರು.

ಮೀಸಿ, ಹಸಿರು ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಎದುರು ಕೂತು ಹಾಡಿ ಅತ್ತರು. ಹಾಡಿ ಅಳುವುದರಲ್ಲಿ ಬಾಳವ್ವನನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಅತ್ತಿಗೆ ನಾದಿನಿಯರ ಹಳೆಯ ಜಗಳಗಳನ್ನೂ ಬಿಡದೆ ರಾಗಕ್ಕೆ ಹೊಂದಿಸಿ, ಕೊನೆಗೆ ಒಂದು ಮಾತು ಎತ್ತಿದಳು.

“ಊರ ಕೂಸೆಲ್ಲಾ ಮಲಗಿಸಿದಾಕಿ, ಈಗ ನೀನ ಮಲಗೀದೆಲ್ಲ ನನ್ನವ್ವಾ...”

ಕೂತವರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಮನಿಷಾಳ ಬಾಯಿ ಮಾತ್ರ ಇನ್ನಷ್ಟು ಬಿಗಿಯಾಯಿತು.

ಆ ಮನೆತನದಲ್ಲಿ ಒಂದು ರೂಢಿಯಿತ್ತು. ಹೆಣ ಎತ್ತುವ ಮೊದಲು ಮಗಳು ಹಾಡಿ ಅಳಬೇಕು. ರಾಗ ಸರಿ ಇರಬೇಕೆಂದೇನಿಲ್ಲ, ಒಂದೇ ಸಾಲಾದರೂ ಸಾಕು. ಮಗಳು ಹಾಡದೆ ಕಳಿಸಿದರೆ ಹೋದವರಿಗೆ ದಾರಿ ಸಪ್ಪಗಾಗುತ್ತದೆ ಎಂದು ನಂಬಿದ ಜನ ಅವರು. ಬಾಳವ್ವ ಮೂಗೊರೆಸಿಕೊಂಡು ಮನಿಷಾಳ ಪಕ್ಕಕ್ಕೆ ಸರಿದಳು.

“ಹೊತ್ತು ಆಗಾಕತ್ತೈತಿ. ಒಂದೀಟ ಹಾಡು, ಮನಿಷಾ.”

“ನನಗ ಹಾಡ ಬರೂದಿಲ್ಲ, ಅತ್ತಿ.”

“ಬರೂದಿಲ್ಲಂದ್ರ? ಮಾಯವ್ವನ ಮಗಳು ನೀ.”

“ಅದಕ್ಕ ಬರೂದಿಲ್ಲ,” ಎಂದಳು ಮನಿಷಾ. “ಆಕಿ ನನ್ನ ಮುಂದ ಎಂದೂ ಹಾಡಿಲ್ಲ.”

* * *

ಇದು ಸುಳ್ಳಲ್ಲ. ಮನಿಷಾ ಸಣ್ಣವಳಿದ್ದಾಗ ಅವ್ವ ಪಾಳಿ ಮುಗಿಸಿ ಮನೆಗೆ ಬರುವಾಗ ಗಂಟಲು ಕಟ್ಟಿಹೋಗಿರುತ್ತಿತ್ತು. ಬಂದವಳು ಉಪ್ಪುನೀರು ಮುಕ್ಕಳಿಸುವಳು, ಕೈಸನ್ನೆಯಲ್ಲೇ ಉಂಡೆಯಾ, ಸಾಲಿಗೆ ಹೋಗಿದ್ದೆಯಾ ಎಂದು ಕೇಳುವಳು, ಗೋಡೆಯ ಕಡೆ ಹೊರಳಿ ಮಲಗಿಬಿಡುವಳು. ಅಪ್ಪ ಯಾವಾಗಲೋ ತೀರಿಹೋಗಿದ್ದ. ಮನೆಯಲ್ಲಿ ರೇಡಿಯೋ ಹಚ್ಚಿದರೂ ಸಣ್ಣಗೆ ಹಚ್ಚಬೇಕು.

ಒಂದು ದೀಪಾವಳಿಗೆ ಡಬ್ಬಿಯಲ್ಲಿ ಕರಚಿಕಾಯಿ ಹಾಕಿಕೊಂಡು ಮನಿಷಾ ಆಸ್ಪತ್ರೆಗೆ ಹೋದಳು. ಕೂಸುಗಳ ಕೋಣೆಯ ಗಾಜಿನಾಚೆ ಅವ್ವ ಕಂಡಳು. ಯಾರದೋ ಕೂಸು ಹೆಗಲ ಮೇಲಿತ್ತು. ಹೊರಗೆ ಪಟಾಕಿ, ಒಳಗೆ ಸಾಲು ತೊಟ್ಟಿಲುಗಳ ಚೀರಾಟ. ಅವ್ವ ಬಾಯಿ ಮುಚ್ಚಿಕೊಂಡೇ ಏನನ್ನೋ ಗುನುಗುತ್ತಿದ್ದಳು. ಮಾತಿಲ್ಲ, ಬರೀ ಹ್ಞೂಂ ಎಂಬ ಎಳೆ. ಸ್ವಲ್ಪ ಏರುವುದು, ಅಲ್ಲೇ ತಡೆದು ನಿಧಾನಕ್ಕೆ ಇಳಿಯುವುದು, ಮತ್ತೆ ಅದೇ. ಒಂದೊಂದೇ ತೊಟ್ಟಿಲು ತಣ್ಣಗಾಯಿತು. ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಬಾಣಂತಿಯರ ಅವ್ವಂದಿರೂ ತೂಕಡಿಸಿದರು. ನರ್ಸ್ ಸಪ್ನಾ ಹೊರಬಂದು, “ಬಘ ಗ, ನೋಡಿಲ್ಲೆ, ನಿಮ್ಮ ಅವ್ವ ಜಾದು ಮಾಡತಾಳ,” ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನಕ್ಕಳು.

ಮನಿಷಾಳಿಗೆ ಜಾದು ಕಾಣಲಿಲ್ಲ. ಪರರ ಕೂಸಿನ ಬೆನ್ನ ಮೇಲೆ ತಟ್ಟುತ್ತಿದ್ದ ಅವ್ವನ ಅಂಗೈ ಮಾತ್ರ ಕಂಡಿತು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಹೇಳದೆ ಮನೆಗೆ ಬಂದಳು.

* * *

ಬೆಳಗಾವಿಯಿಂದ ಟೆಂಪೋ ಬಂದು ನಿಂತಾಗ ಸಾವಿನ ಮನೆಯ ಗದ್ದಲ ಎರಡರಷ್ಟಾಯಿತು. ಸಪ್ನಾ ಬಂದಿದ್ದಳು, ಈಗ ಅವಳೂ ನಿವೃತ್ತಳು. ಆಸ್ಪತ್ರೆಯ ಹಿಂದಿನ ಗಲ್ಲಿಯ ನಜ್ಮುನ್ನಿಸಾ ತನ್ನ ಮಗಳು ಸಿಮ್ರನಳನ್ನೂ, ಸಿಮ್ರನಳ ಹಸುಗೂಸನ್ನೂ ಕರೆತಂದಿದ್ದಳು. ಸಿಮ್ರನ ಹುಟ್ಟಿದಾಗಲೂ, ನಿವೃತ್ತಿಯ ಮೇಲೆ ಮೊನ್ನೆ ಸಿಮ್ರನ ಹೆತ್ತಾಗ ಕರೆಸಿಕೊಂಡಾಗಲೂ ಮೊದಲು ಎತ್ತಿಕೊಂಡದ್ದು ಮಾಯವ್ವನ ಕೈ. ಹಿಂದೆ, ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ನಿಂತ ಎತ್ತರದ ಮನುಷ್ಯ ಶಶಿಧರ, ಕಾಲೇಜೊಂದರಲ್ಲಿ ಸಂಗೀತ ಕಲಿಸುವ ಮೇಷ್ಟ್ರು. ಅವನ ಅವಳಿ ಮಕ್ಕಳನ್ನೂ ಮಾಯವ್ವನೇ ಮಲಗಿಸಿದ್ದಳು.

“ಬರ್ರಿ, ಕುಂದರ್ರಿ,” ಎಂದ ಮನಿಷಾಳ ಮಾವ ಭರಮಪ್ಪ. ಹೆಗಲ ಮೇಲೆ ಕಂಬಳಿ, ಕಣ್ಣು ಮಂಜು. ಬೆಳಗಿನಿಂದ ಅವನಾಡಿದ್ದು ಅಷ್ಟೇ. ಮನೆಯ ಹಿಂದಿನ ದಡ್ಡಿಯಲ್ಲಿ ಅವನ ಕುರಿಗಳು ಬ್ಯಾ ಬ್ಯಾ ಎಂದು ಒಂದೇ ಸಮ ಒದರುತ್ತಿದ್ದವು. ಸಾವಿನ ದಿನ ಅವನ್ನು ಮೇಯಿಸಲು ಹೊಡೆದುಕೊಂಡು ಹೋಗುವವರು ಯಾರೂ ಇರಲಿಲ್ಲ.

ಶಶಿಧರ ಮಾಲೆ ಹಾಕಿ, ಮನಿಷಾಳ ಹತ್ತಿರ ಕೂತು, ಮೆಲ್ಲಗೆ ಒಂದು ಸಂಗತಿ ಹೇಳಿದ.

* * *

ಅವಳಿ ಮಕ್ಕಳು ಹುಟ್ಟಿದ ವಾರ ಅವನಿಗೆ ಆಸ್ಪತ್ರೆಯ ವರಾಂಡದಲ್ಲಿ ಬೇರೆ ಕೆಲಸವಿರಲಿಲ್ಲ. ಮೊಬೈಲಿನಲ್ಲಿ ದೇಶ ದೇಶಗಳ ಹಾಡುಗಳಿದ್ದವು. ಹಿಮದ ನಾಡಿನವರದು, ದ್ವೀಪದವರದು, ಮರುಭೂಮಿಯವರದು. ಎಲ್ಲ ಕಡೆ ಸಂಗೀತ ಒಂದೇ ಎಂದು ಭಾಷಣ ಮಾಡುವವರನ್ನು ಕಂಡರೆ ಶಶಿಧರನಿಗೆ ಆಗುತ್ತಿರಲಿಲ್ಲ. ಕಲಿಯದೆ ರಾಗದ ಅರ್ಥ ಆಗುವುದಿಲ್ಲ ಎಂಬುದು ಅವನ ವಾದ. ಪರೀಕ್ಷೆ ಮಾಡೋಣವೆಂದು ಮಾಯವ್ವನ ಕಿವಿಗೆ ಫೋನ್ ಹಿಡಿದು, ಇದು ಯಾವ ಸಂದರ್ಭದ ಹಾಡು ಹೇಳ್ರಿ ನೋಡೋಣ ಎಂದು ಕೇಳಿದ.

ಮಾಯವ್ವ ಕೆಲವು ಸರಿಯಾಗಿ ಹೇಳಿದಳು. ಕುಣಿಯುವ ಹಾಡಿಗೆ ಕುಣಿಯುವ ಹಾಡೆಂದೇ ಅಂದಳು. ಕೆಲವು ಪೂರ್ತಿ ತಪ್ಪಿದಳು. ಯಾವುದೋ ದೂರದ ಊರಿನ ಸಾವಿನ ಹಾಡನ್ನು ಕೇಳಿ, ಇದು ಮದುವೆಯದು ಎಂದಳು. ಅಲ್ಲ, ಅಳುತ್ತಿದ್ದಾರೆ ಎಂದು ಶಶಿಧರ ತಿದ್ದಿದರೆ, ಅವಳು ಅವನ ಮುಖವನ್ನೇ ಕನಿಕರದಿಂದ ನೋಡಿದಳಂತೆ.

“ಹೆಣ್ಣು ಒಪ್ಪಸೂ ಮುಂದ ಅಳೂದಿಲ್ಲೇನ್ರಿ ಸರ? ನಿಮ್ಮ ಮದಿವ್ಯಾಗ ಅವರವ್ವ ಅಳಲಿಲ್ಲೇನು?”

ಗೆದ್ದೆ ಎಂದುಕೊಂಡ ಶಶಿಧರ ಮುಂದಿನ ಹಾಡು ಹಚ್ಚಿದ. ಆಮೇಲೆ ಇನ್ನೊಂದು. ನಡುನಡುವೆ ಕೆಲವು ಜೋಗುಳಗಳಿದ್ದವು. ಅವು ಬಂದಾಗ ಮಾತ್ರ ಮಾಯವ್ವ ಉತ್ತರ ಹೇಳಲಿಲ್ಲ. ಹೇಳುವುದನ್ನು ಮರೆತೇಬಿಟ್ಟಳು. ಅಂಗೈ ತನ್ನಷ್ಟಕ್ಕೆ ತನ್ನದೇ ತೊಡೆಯನ್ನು ತಟ್ಟತೊಡಗುತ್ತಿತ್ತು, ಎರಡು ಹಗುರ, ಒಂದು ಭಾರ. ಯಾವ ದೇಶದ್ದಾದರೂ ಸರಿ, ಒಂದು ಜೋಗುಳವೂ ತಪ್ಪಲಿಲ್ಲ.

“ನಾನಿನ್ನೂ ನನ್ನ ವಾದಾ ಬಿಟ್ಟಿಲ್ಲ,” ಎಂದ ಶಶಿಧರ, ಗೋಡೆಗೆ ಒರಗಿದ್ದ ಹಸಿರು ಸೀರೆಯ ಕಡೆ ನೋಡುತ್ತ. “ಖರೇ, ಆ ಕೈ ನೆನಪಾದ್ರ ಬಾಯಿ ಬರೂದಿಲ್ಲ.”

* * *

ಅಷ್ಟರಲ್ಲಿ ಸಿಮ್ರನಳ ಕೂಸು ಚೀರತೊಡಗಿತು. ಹಸಿವಲ್ಲ, ಸೆಕೆ, ಜೊತೆಗೆ ಹಲಗಿಯ ಸದ್ದು. ಹಲಗಿ ಬಾರಿಸುತ್ತಿದ್ದ ಮುತ್ತಪ್ಪ ಕೈ ತಡೆದರೂ ಅದು ನಿಲ್ಲಲಿಲ್ಲ. ನಜ್ಮುನ್ನಿಸಾ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತ, ಬಾಯಿ ಮುಚ್ಚಿಯೇ ಗುನುಗಿದಳು. ಸ್ವಲ್ಪ ಏರಿ, ತಡೆದು, ಇಳಿದು.

ಸಪ್ನಾ ತಲೆಯೆತ್ತಿದಳು. “ಮಾಯವ್ವ ಮಾವಶೀದು ಹಾಡು ಇದು. ನಮ್ಮ ಮರಾಠಿ ಅಂಗಾಯಿ, ಜೋಗುಳ. ನನ್ನ ಆಜಿ ಹೇಳತಿದ್ಲು.”

“ಮರಾಠಿ ಎಲ್ಲೀದು ಬಾಯಿ?” ನಜ್ಮುನ್ನಿಸಾ ನಡೆಯುತ್ತಲೇ ಅಂದಳು. “ಇದು ನಮ್ಮ ಲೋರಿ. ನಾನ ಕೇಳಿದ್ದೆ ಆಕಿನ್ನ. ನಿಮ್ಮದ ಐತ್ರಿ ಅಂದ್ಲು.”

“ನನಗೂ ನಿಮ್ಮದ ಅಂದಿದ್ಲು.”

ಬಾಳವ್ವ ಸುಮ್ಮನಿರಲಾರದೆ, ತಮ್ಮ ಮನೆಯ ಹೆಣ್ಣುಮಗಳು ಕನ್ನಡ ಬಿಟ್ಟು ಬೇರೆ ಯಾತರಲ್ಲಿ ಹಾಡಿಯಾಳು ಎಂದಳು. ಬೇರೆ ಸೀಮೆಯಲ್ಲಿ ಹೀಗೆ ಜಗಳವಾಡುವುದುಂಟೋ ಇಲ್ಲವೋ, ಬೆಳಗಾವಿ ಸೀಮೆಯಲ್ಲಿ ಮಾತೇ ಇಲ್ಲದ ಹಾಡಿನ ಭಾಷೆ ಯಾವುದೆಂದು ಹೆಣದ ಎದುರೇ ವಾದ ನಡೆಯಿತು. ಹಾಗಾದರೆ ನೀ ಅಂದು ತೋರಿಸು, ನೀ ಅಂದು ತೋರಿಸು ಎಂದು ಪಂಥ ಬಿತ್ತು. ಸಪ್ನಾ ಗುನುಗಿದಳು, ಬಾಳವ್ವ ಸೇರಿಸಿದಳು, ನಜ್ಮುನ್ನಿಸಾ ಬಿಟ್ಟುಕೊಡಲಿಲ್ಲ. ಮೂರು ದನಿಗಳು ಒಂದನ್ನೊಂದು ಸೋಲಿಸಲು ಹೊರಟು, ಅರಿವಿಲ್ಲದೆ ಒಂದೇ ಎಳೆಯಾದವು. ಕೂಸು ಕಣ್ಣು ಮುಚ್ಚಿತು.

ಎಲ್ಲರೂ ತಟ್ಟನೆ ಕಿವಿಗೊಟ್ಟರು. ಏನೋ ಕಡಿಮೆಯಾದಂತಿತ್ತು. ಬೆಳಗಿನಿಂದ ಕಿವಿಗೆ ಅಂಟಿಕೊಂಡಿದ್ದ ಒದರಾಟ ನಿಂತಿತ್ತು.

ಭರಮಪ್ಪ ಕೋಲೂರಿ ಎದ್ದು, ಹಿಂಬಾಗಿಲು ತೆರೆದು, ಕೈ ತೋರಿಸಿದ. ದಡ್ಡಿಯ ಕುರಿಗಳು ಹಾಡಹಗಲೇ ಮುಂಗಾಲು ಮಡಚಿ, ಒಂದರ ಬೆನ್ನಿಗೆ ಒಂದು ಮುಖವಿಟ್ಟು ಮಲಗಿದ್ದವು.

“ಅವಕ್ಕ ಗುರುತ ಸಿಕ್ತು,” ಎಂದ. “ಅದು ನಿಮ್ದೂ ಅಲ್ಲ, ನಮ್ದೂ ಅಲ್ಲ. ಕುರೀದು. ನಮ್ಮಪ್ಪ ಹಟ್ಟಿ ಹಾಕಿದಾಗ ಕುರಿ ಮಲಗಸಾಕ ಅನ್ನತಿದ್ದಾ.”

ಮೊದಲು ನಕ್ಕವಳು ನಜ್ಮುನ್ನಿಸಾ. ಸೆರಗು ಬಾಯಿಗೆ ತುರುಕಿಕೊಂಡರೂ ಹೊಟ್ಟೆ ಕುಲುಕಿತು. ಇಡೀ ಬೆಳಗಾವಿಯ ಕೂಸುಗಳನ್ನು ಕುರಿ ಮಾಡಿ ಮಲಗಿಸಿದಳಲ್ಲ ಎಂದು ಸಪ್ನಾ ಅಳುತ್ತ ನಕ್ಕಳು. ತನ್ನ ಪ್ರಶ್ನೆ ಮನುಷ್ಯರ ಬಗ್ಗೆ ಇತ್ತು, ಈಗ ಕುರಿಗಳನ್ನೂ ಲೆಕ್ಕಕ್ಕೆ ತಗೋಬೇಕಾಯಿತು ಎಂದ ಶಶಿಧರ.

ನಗದೆ ಕೂತಿದ್ದವಳು ಮನಿಷಾ ಒಬ್ಬಳೇ. ಭರಮಪ್ಪ ಅವಳೆದುರು ಬಂದು ಕಂಬಳಿ ಹಾಸಿ ಕೂತ.

“ನಿನಗ ಆಕಿ ಹಾಡಿಲ್ಲಂದ್ಯಂತ.”

ಮನಿಷಾ ಹೌದೆಂದು ತಲೆಯಾಡಿಸಿದಳು.

“ನಿಮ್ಮಪ್ಪ ಸತ್ತ ಮ್ಯಾಲೆ ನಿನ್ನ ಇಲ್ಲಿಗೆ ಎತಗೊಂಡ ಬಂದ್ಲು. ಕೈಗೂಸು ನೀ. ಏನ್ ಚೀರತಿದ್ದಿ, ಮಾರಾಯ್ತಿ. ಓಣ್ಯಾಗಿನ ಹೆಂಗಸರೆಲ್ಲಾ ಜೋಗುಳ ಹಾಡಿ ಹಾಡಿ ಸಾಕಾಗಿ ಮನೀಗೆ ಹ್ವಾದ್ರು. ನಿಮ್ಮವ್ವ ನಿನ್ನ ತಂದು ನಮ್ಮಪ್ಪನ ಬಾಜೂಕ, ಕುರಿ ನಡುವ, ಕಂಬಳಿ ಮ್ಯಾಲೆ ಹಾಕಿದ್ಲು. ಅಪ್ಪ ಕುರಿ ಮಲಗಸಾಕತ್ತಿದ್ದಾ. ನೀನೂ ಮಲಗಿದಿ. ಮರುದಿನದಿಂದ ಆಕಿ ಅದನ್ನ ಕಲತ್ಲು. ನೀ ಮಲಗಿದ್ದಕ್ಕ ಆಕೀಗೆ ಧೈರ್ಯ ಬಂತು. ಆ ಧೈರ್ಯದ ಮ್ಯಾಲೆ ದವಾಖಾನಿ ಕೆಲಸಕ್ಕ ಹ್ವಾದ್ಲು.”

ಅವನು ಮಾಯವ್ವನ ಕಡೆ ಕೈ ತೋರಿಸಿದ. “ಊರಿಗೆಲ್ಲಾ ಹಾಡಿದ್ದು ನಿನ್ನ ಹಾಡ, ಮಗಳ. ನಿನಗ ನೆನಪಿಲ್ಲ ಅಷ್ಟ.”

ಮನಿಷಾ ಅವ್ವನ ಮುಖ ನೋಡಿದಳು. ಹಾಡಲು ಬಾಯಿ ತೆರೆದಳು. ಬರೀ ಉಸಿರು ಬಂತು. ಬಾಳವ್ವ ಇನ್ನೇನೋ ಹೇಳಹೊರಟವಳು ಭರಮಪ್ಪನ ಕಣ್ಸನ್ನೆಗೆ ಸುಮ್ಮನಾದಳು. ಹೊತ್ತು ಮೀರುತ್ತಿತ್ತು. ಮಗಳು ಹಾಡದೆಯೇ ಮಾಯವ್ವನನ್ನು ಎತ್ತಿದರು.

* * *

ಹೊಲ ದೂರವಿರಲಿಲ್ಲ. ಹಲಗಿ ಹೊಡೆಯುತ್ತ, ಚುರಮರಿ ತೂರುತ್ತ, ಸುತ್ತಲಿನ ನಾಯಿಗಳನ್ನೆಲ್ಲ ಎಬ್ಬಿಸುತ್ತ ಹೋದರು. ಬದುವಿನ ಬಳಿ ಎಲ್ಲರೂ ಚಪ್ಪಲಿ ಕಳಚಿದರು. ಕೆಂಪು ಮಣ್ಣು ಅಗೆದ ಕುಣಿಯಲ್ಲಿ ಮಾಯವ್ವನನ್ನು ಇಳಿಸಿದರು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಸಪ್ನಾ ಹಾಕಿದಳು, ನಜ್ಮುನ್ನಿಸಾ ತುಟಿಯಲ್ಲೇ ಏನೋ ಹೇಳಿಕೊಂಡು ಹಾಕಿದಳು, ಶಶಿಧರ ಎರಡೂ ಕೈಯಲ್ಲಿ ಹಾಕಿದ. ಗುದ್ದಲಿಗಳು ಉಳಿದದ್ದನ್ನು ಎಳೆದವು. ದಿಬ್ಬ ಎದ್ದಿತು.

ಮನಿಷಾ ಮಂಡಿಯೂರಿದಳು. ಜಾರುತ್ತಿದ್ದ ಮಣ್ಣನ್ನು ಕೂರಿಸಲೆಂದು ಅಂಗೈಯಿಂದ ತಟ್ಟಿದಳು. ಮತ್ತೆ ತಟ್ಟಿದಳು. ಕೂರಬೇಕಾದ ಮಣ್ಣು ಕೂತಾಗಿತ್ತು, ಕೈ ನಿಲ್ಲಲಿಲ್ಲ. ಎರಡು ಹಗುರ, ಒಂದು ಭಾರ. ಎರಡು ಹಗುರ, ಒಂದು ಭಾರ. ಶಶಿಧರ ಅದನ್ನು ಕಂಡು ಮುಖ ಆಚೆ ತಿರುಗಿಸಿಕೊಂಡ. ಮುಚ್ಚಿದ ತುಟಿಗಳ ಒಳಗಿನಿಂದ, ಬಸ್ಸಿನಲ್ಲಿ ಕೂಗಿ ಕೂಗಿ ಒರಟಾದ ಗಂಟಲಿನಿಂದ, ಒಂದು ಎಳೆ ಎದ್ದು, ತಡೆದು, ನಿಧಾನಕ್ಕೆ ಇಳಿಯಿತು. ಯಾರೂ ಜೊತೆ ಸೇರಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳ ಕೈ ಹಗುರವಾಗುತ್ತ, ದಿಬ್ಬಕ್ಕೆ ತಗುಲಿಯೂ ತಗುಲದಂತಾಗಿ, ನಿಂತಿತು. ಎದ್ದಳು.

ಭರಮಪ್ಪ ತುಟಿಯ ಮೇಲೆ ಬೆರಳಿಟ್ಟು ದಾರಿ ತೋರಿಸಿದ. ಮುತ್ತಪ್ಪ ಹಲಗಿಯನ್ನು ಕಂಕುಳಲ್ಲಿ ಅವುಚಿ, ಸದ್ದಾಗದಂತೆ ಚರ್ಮದ ಮೇಲೆ ಅಂಗೈಯೊತ್ತಿ ಹಿಡಿದ. ಬದುವಿನ ಬಳಿ ಬಂದವರು ಚಪ್ಪಲಿ ಮೆಟ್ಟಲಿಲ್ಲ; ಕೈಯಲ್ಲಿ ಎತ್ತಿಕೊಂಡರು. ಗಾಡಿದಾರಿ ಸಿಗುವವರೆಗೂ ಆ ಜನವೆಲ್ಲ, ಹೆಂಗಸರು, ಗಂಡಸರು, ಮೇಷ್ಟ್ರು, ಬರಿಗಾಲಲ್ಲಿ, ತುದಿಬೆರಳ ಮೇಲೆ ನಡೆದು ಹೋದರು.