ಹುಳದ ಧನಿಯ

"ಸೆರಗು ಕೊಡವಮ್ಮೋ! ಚೆನ್ನಾಗ್ ಕೊಡವು. ನಿಮ್ ಕಾಲೋನಿ ಹುಳ ಎಲ್ಲಾ ನನ್ ಗೋಡೌನಿಗೇ ತರ್ತೀಯಲ್ಲೇ, ದರಿದ್ರದೋಳೇ!"

ಮೋಹನ್ ಕುಮಾರ್ ಗೇಟಿನಲ್ಲಿ ನಿಂತು ಅರಚುತ್ತಿದ್ದ. ಕೆಂಗೇರಿ ಉಪನಗರದಲ್ಲಿ ಅವನದು ಮಸಾಲೆಪುಡಿ ಮಿಲ್ಲು. ಹಿಂದೆ ಗೋಡೌನು, ಮುಂದೆ ಅಂಗಡಿ. ಮೆಣಸಿನಕಾಯಿ ತೊಟ್ಟು ಮುರಿದು, ಧನಿಯ ಕೇರಿ ನನ್ನ ತಲೆಗೂದಲು ಬೆಳ್ಳಗಾದದ್ದು ಅಲ್ಲಿಯೇ. ಹೋದ ವರ್ಷದ ಧನಿಯ ಖರ್ಚಾಗದೆ ಮೂಲೆಯಲ್ಲಿ ಬಿದ್ದಿತ್ತು. ಹೊಸ ಮೂಟೆಗಳನ್ನು ಅದರ ಮೇಲೇ ಪೇರಿಸಿ ಅಂದವನು ಇವನೇ. ಎರಡಕ್ಕೂ ಹುಳ ಹಿಡಿಯಿತು. ಅದಕ್ಕೆ ಕಾರಣ ನಾನಂತೆ! ಇಲ್ಲಿನ ಹೆಂಗಸರಲ್ಲಿ ಎ.ಕೆ. ಕಾಲೋನಿಯಿಂದ ಬರುವವಳು ನಾನೊಬ್ಬಳೇ. ಅವನಿಗೆ ಅಷ್ಟು ಸಾಕಾಯಿತು.

ಬೀದಿಯವರೆಲ್ಲ ನೋಡುತ್ತಿದ್ದರು. ಮೈ ಉರಿಯುತ್ತಿದ್ದರೂ ಕೊಡವಿದೆ. ಒಂದು ಹುಳವೂ ಬೀಳಲಿಲ್ಲ.

"ಊಟದ್ ಡಬ್ಬಿ ಹೊರಗೇ ಇಡು," ಅಂದ. ಚಪ್ಪಲಿ ಬಿಡುವ ಜಾಗದಲ್ಲಿ ಇಟ್ಟು ಒಳಗೆ ಹೋದೆ.

ಮಧ್ಯಾಹ್ನ ಊಟಕ್ಕೆ, ಜೊತೆಯಲ್ಲಿ ಕೆಲಸ ಮಾಡುವ ವರಲಕ್ಷ್ಮಿ ದೂರ ಹೋಗಿ ಕೂತಳು. ಇಷ್ಟು ವರ್ಷ ನನ್ನ ಡಬ್ಬಿಗೆ ಕೈಹಾಕಿ ತಿಂದವಳು ಅವಳು.

"ಬಸ್ಸಾರು ತಂದಿದೀನಿ ಕಣೇ, ಬಾ."

"ಬ್ಯಾಡ ಕಲಾವತಕ್ಕ. ಓನರ್ ನೋಡಿದ್ರೆ ಬೈತಾರೆ."

"ನೀನೂ ನಂಬ್ತೀಯೇನೇ, ಹುಳ ನನ್ನಿಂದ ಬಂತು ಅಂತ?"

ಅವಳು ತನ್ನ ಡಬ್ಬಿಯ ಅನ್ನ ಕಲೆಸತೊಡಗಿದಳು. ಇಲ್ಲ ಅಂದುಬಿಟ್ಟಿದ್ದರೆ ಸಾಕಿತ್ತು. ಗಂಡ ಹೋದ ಮೇಲೆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಇಲ್ಲಿ ಇವಳೊಬ್ಬಳು ಪ್ರೀತಿಯಿಂದ ಕರೆಯುತ್ತಿದ್ದಳು. ಮುದ್ದೆಯನ್ನು ನಾಯಿಗೆ ಹಾಕಿದೆ.

ಊಟವಾಗುತ್ತಲೇ ಮೋಹನ್ ಕುಮಾರ್ ಬಂದ.

"ಹುಳದ್ ಧನಿಯ ಎಲ್ಲಾ ಹುರಿದು ಮಿಲ್ಲಿಗ್ ಹಾಕ್ರಿ. ಪುಡಿ ಆದ್ಮೇಲೆ ಯಾವನಿಗ್ ಗೊತ್ತಾಗುತ್ತೆ? ಏಯ್ ಕಲಾವತಿ, ನೀನ್ ಮಾತ್ರ ಮುಟ್ಬೇಡ."

ಅಬ್ಬಾ ಇವನ ಮಡಿಯೇ! ಹುಳ ಅರೆದು ಊರಿಗೆಲ್ಲ ತಿನ್ನಿಸಬಹುದು, ನನ್ನ ಕೈ ತಾಗಬಾರದು.

ಹುಳದ ಮೂಟೆಗೆ ಮೊರ ತೂರಿಸಿ ಅದರ ತುಂಬಾ ಧನಿಯ ಬಾಚಿಕೊಂಡೆ. ನಡುಬಾಗಿಲು ದಾಟಿ ಅಂಗಡಿಗೆ ಬಂದೆ. ಗಿರಾಕಿಗಳು ನಿಂತಿದ್ದರು, ಒಬ್ಬಾಕೆ ಸಾರಿನ ಪುಡಿ ಮೂಸುತ್ತಿದ್ದಳು. ಗಲ್ಲಾದ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ಕೇರತೊಡಗಿದೆ. ಹೊಟ್ಟಿನ ಜೊತೆ ಕಂದು ಹುಳಗಳು ಎದ್ದು ಪುಡಿ ಪ್ಯಾಕೆಟ್ಟುಗಳ ಮೇಲೆ, ಆಕೆಯ ಸೀರೆಯ ಮೇಲೆ ಬಿದ್ದವು.

"ತಲೆ ಕೆಟ್ಟಿದ್ಯೇನೇ ಮುಂಡೆ!" ಮೋಹನ್ ಕುಮಾರ್ ಓಡಿ ಬಂದ.

"ನಿಮ್ ಮೂಟೇದೇ ಸಾರ್ ಇದು, ನಮ್ ಕಾಲೋನೀದಲ್ಲ. ಆಂಟಿ, ಇದನ್ನೇ ಅರೀತಾರಂತೆ. ನೋಡ್ಕೊಂಡ್ ತಗೊಳ್ಳಿ."

ಆಕೆ ಪ್ಯಾಕೆಟ್ಟು ಬಿಸಾಕಿ ಮೆಟ್ಟಿಲಿಳಿದಳು. ಹಿಂದೆಯೇ ಉಳಿದವರೂ ಹೋದರು. ಅವನು ನನ್ನ ರಟ್ಟೆ ಹಿಡಿದು ಎಳೆದ. ನಾನು ಏಳಲಿಲ್ಲ.

ನಡುಬಾಗಿಲಲ್ಲಿ ವರಲಕ್ಷ್ಮಿ ನಿಂತಿದ್ದಳು. ಅವಳ ಹಿಂದೆ ಉಳಿದ ಹೆಂಗಸರು.

"ಬಾರೇ ವರಲಕ್ಷ್ಮೀ. ಒಂದ್ ಮಾತು ಹೇಳೇ."

ಅವಳ ಕಣ್ಣು ತುಂಬಿತ್ತು. ಒಳಗಿನಿಂದ ಬಾಗಿಲು ಎಳೆದುಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ನಾನು ಮೊರವನ್ನು ಇನ್ನಷ್ಟು ಮೇಲೆತ್ತಿ ಕೇರಿದೆ.