ಸಿದ್ದಮ್ಮನ ಮುದ್ದೆ ಕೋಲು ದೆಹಲಿಗೆ ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಇಪ್ಪತ್ತೆರಡು ವರ್ಷದಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕುತ್ತಿರುವವಳು ನಾನು. ಕ್ರೇಟಿನ ತೂಕ ಕಳೆದು ಗೂಡಿನ ತೂಕ ಹೇಳುವುದನ್ನು ನಿದ್ದೆಗಣ್ಣಲ್ಲೂ ಮಾಡುತ್ತೇನೆ. ಆ ಜಂಬವೇ ನನ್ನ ಮಾನ ಕಳೆಯಿತು.

ದೆಹಲಿಯ ಆಹಾರ ಮೇಳಕ್ಕೆ ಕೆಂಗಲ್ ಕಡೆಯ ನಮ್ಮ ಮಹಿಳಾ ಸಂಘದಿಂದ ಇಬ್ಬರು ಬರಬೇಕೆಂದು ಪತ್ರ ಬಂತು, ವಿಮಾನದ ಟಿಕೆಟ್ ಸಮೇತ. ಒಬ್ಬಳು ನಾನು, ರಾಧಾಮಣಿ, ಸಂಘದ ಕಾರ್ಯದರ್ಶಿ. ಇನ್ನೊಬ್ಬಳು ಸಿದ್ದಮ್ಮ, ಮುದ್ದೆ ಮಾಡುವವಳು. ಅವಳಿಲ್ಲದೆ ಹೋಗುವ ಹಾಗೇ ಇಲ್ಲ, ಏಕೆಂದರೆ ನಾನು ತಿರುವಿದರೆ ಮುದ್ದೆಯೆಲ್ಲ ಗಂಟು.

ಸಿದ್ದಮ್ಮನ ಹತ್ತಿರ ಹುಣಸೆ ಮರದ ಮುದ್ದೆ ಕೋಲೊಂದಿದೆ. ಅವಳ ಅತ್ತೆ ಸಾಯುವ ಮುಂಚೆ ಕೈಗೆ ಕೊಟ್ಟದ್ದು. ರಾಗಿ ಕುಡಿದು ಕುಡಿದು ಕಪ್ಪಗೆ ಮಿರುಗುತ್ತದೆ. ಒಮ್ಮೆ ನಾನು ಸುಮ್ಮನೆ ಎತ್ತಿಡಲು ಹೋದರೆ, "ಮಡುಗು ರಾಧಾಮಣಿ! ಅದು ಅತ್ತೆ ಕೈಯಿಂದ ಸೊಸೆ ಕೈಗೆ ಹೋಗೋದು, ಕಂಡೋರ ಕೈಗಲ್ಲ" ಎಂದು ಗದರಿದ್ದಳು. ಮಗನಿಗೆ ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲ, ಅದು ಬೇರೆ ಮಾತು.

ಹೊರಡುವ ಹಿಂದಿನ ದಿನ ನಮ್ಮನೆಯಲ್ಲಿ ದೊಡ್ಡ ತಾಲೀಮು. ನನ್ನ ಗಂಡ ಅನಂತರಾಜು ಒಂದು ಸಲ ತಿರುಪತಿಗೆ ವಿಮಾನದಲ್ಲಿ ಹೋಗಿಬಂದವರು, ಆದ್ದರಿಂದ ಅವರೇ ಮೇಷ್ಟ್ರು. ಬಾಗಿಲ ಚೌಕಟ್ಟಿನಲ್ಲಿ ನಮ್ಮನ್ನು ಕೈಯೆತ್ತಿ ನಿಲ್ಲಿಸಿ ಟಿವಿ ರಿಮೋಟು ಆಡಿಸಿದರು. "ಚಾಕು ಬ್ಯಾಡ, ಕತ್ತರಿ ಬ್ಯಾಡ, ಬೆಂಕಿಪೊಟ್ಟಣ ಬ್ಯಾಡ, ಕೊಬ್ಬರಿನೂ ಕೈಚೀಲಕ್ಕೆ ಬ್ಯಾಡ" ಎಂದು ಪಟ್ಟಿ ಓದಿದರು. ಮುದ್ದೆ ಕೋಲಿನ ಸುದ್ದಿ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಒಬ್ಬೊಬ್ಬರಿಗೆ ಹದಿನೈದು ಕೆಜಿ. ಸಿದ್ದಮ್ಮನ ಚೀಲಕ್ಕೆ ರಾಗಿ ಹಿಟ್ಟೇ ತುಂಬಿತು. ಹಾಗಾಗಿ ಅವಳ ಕೋಲು, ಸ್ಟೀಲ್ ತಪ್ಪಲೆ ಎರಡೂ ನನ್ನ ಸೂಟ್‌ಕೇಸಿಗೆ, ನನ್ನ ಏಳು ಸೀರೆಗಳ ಜೊತೆ. ಎಂಟನೆಯದು, ಉದ್ಘಾಟನೆಗೆಂದೇ ಕೊಂಡ ಹೊಸ ರೇಷ್ಮೆ ಸೀರೆ, ನನ್ನ ಕೈಚೀಲದಲ್ಲಿತ್ತು. ಅದನ್ನು ಯಾವ ವಿಮಾನದ ಹೊಟ್ಟೆಗೂ ನಂಬಿ ಹಾಕುವವಳಲ್ಲ ನಾನು. ಗೂಡು ತೂಗುವ ತಕ್ಕಡಿಯಲ್ಲಿ ಸೂಟ್‌ಕೇಸು ಇಟ್ಟೆ. ಹತ್ತೊಂಬತ್ತು. ಪೆಟ್ಟಿಗೆಯದು ನಾಲ್ಕು ಕಳೆದರೆ ಹದಿನೈದು. "ಕೂದಲೆಳೆ ಹೆಚ್ಚಿಲ್ಲ ಕಣಮ್ಮಿ" ಎಂದು ಸಿದ್ದಮ್ಮನ ಮುಂದೆ ಬೀಗಿದೆ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ, "ಮೇಡಂ, ನಾಲ್ಕು ಕೆಜಿ ಹೆಚ್ಚಿದೆ" ಎಂದಳು.

"ಪೆಟ್ಟಿಗೆ ತೂಕ ಕಳೀರಿ ತಾಯಿ."

"ಪೆಟ್ಟಿಗೆನೂ ಹಾರಬೇಕಲ್ಲ ಮೇಡಂ?"

"ರಾಮನಗರದಲ್ಲಿ ಕಳೀತಾರೆ!" ಎಂದು ಜೋರು ಮಾಡಿದೆ. ಹಿಂದಿನ ಸಾಲಿನವರೆಲ್ಲ ನಕ್ಕರು. ಕಿವಿ ಕೆಂಪಾಯಿತು. ಸಿಟ್ಟಲ್ಲಿ ಸೂಟ್‌ಕೇಸು ತೆರೆದು, ಸೀರೆಗೆ ಕೈಹಾಕದೆ, ತಪ್ಪಲೆಯನ್ನೂ ಕೋಲನ್ನೂ ಎಳೆದು ಸಿದ್ದಮ್ಮನ ಕೈಗೆ ತುರುಕಿದೆ. ಸರಿಯಾಗಿ ನಾಲ್ಕು ಕೆಜಿ ಇಳಿಯಿತು. ಸಿದ್ದಮ್ಮ ಎರಡನ್ನೂ ಕಂಕುಳಿಗೆ ಸೇರಿಸಿಕೊಂಡಳು.

ಮುಂದಿನದು ತಪಾಸಣೆ. ತಪ್ಪಲೆ ಟ್ರೇಯಲ್ಲಿ ಕೂತು ಠೀವಿಯಿಂದ ಆ ಕಡೆ ಹೋಯಿತು. ಕೋಲನ್ನು ಮಾತ್ರ ಖಾಕಿ ತೊಟ್ಟ ಹೆಣ್ಣುಮಗಳು ಎತ್ತಿ ಹಿಡಿದು ಹಿಂದಿಯಲ್ಲಿ ಏನೋ ಕೇಳಿದಳು. ಉತ್ತರಕ್ಕೆ ಸಿದ್ದಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ತಪ್ಪಲೆಯನ್ನು ಪಾದದಿಂದ ಅದುಮಿ, ಬರಿಗೈಯಲ್ಲಿ ಗರಗರ ತಿರುವಿ, ಉಂಡೆ ಕಟ್ಟಿ, ಅವಳಿಗೆ ನೀಡಿಯೂ ಬಿಟ್ಟಳು. ಆಕೆ ನಕ್ಕಳು. ನಕ್ಕರೂ ಕೋಲು ಬಿಡಲಿಲ್ಲ. ಪಕ್ಕದಲ್ಲಿದ್ದ ಕನ್ನಡದ ಸಿಬ್ಬಂದಿಯೊಬ್ಬರು ಬಿಡಿಸಿ ಹೇಳಿದರು: "ಇದರಲ್ಲಿ ಒಂದೇಟು ಬಿದ್ರೆ ಮನುಷ್ಯ ಏಳಲ್ಲ ಅಮ್ಮ. ಒಳಗೆ ಬಿಡಲ್ಲ. ವಾಪಸ್ ಹೋಗಿ ಲಗೇಜಿಗೆ ಹಾಕಿ, ಇಲ್ಲಾ ಈ ಡಬ್ಬಕ್ಕೆ ಹಾಕಿ. ಕೌಂಟರ್ ಇನ್ನು ಹತ್ತು ನಿಮಿಷದಲ್ಲಿ ಮುಚ್ಚುತ್ತೆ."

ಡಬ್ಬದೊಳಗೆ ಇಣುಕಿದರೆ ಕತ್ತರಿ, ಲೈಟರು, ಯಾರದೋ ಒಂದು ಕೊಬ್ಬರಿ ಗಿಟುಕು.

ಸಿದ್ದಮ್ಮ ಕೋಲನ್ನು ಎದೆಗವುಚಿಕೊಂಡಳು. "ನೀ ಹೋಗವ್ವ ರಾಧಾಮಣಿ. ನಾ ಬಸ್ಸಲ್ಲಿ ಊರಿಗೆ ಹೊಯ್ತೀನಿ. ನಮ್ಮತ್ತೇನ ಕಸಕ್ಕೆ ಹಾಕಿ ನಂಗ್ಯಾವ ಡೆಲ್ಲಿನೂ ಬ್ಯಾಡ" ಎಂದಳು. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ. ಬೈಯಲಿಲ್ಲ. ನನಗೆ ಥೂ ಅನಿಸಿತು ನನ್ನ ಮೇಲೆ. ಏಳು ಸೀರೆ ಸುಖವಾಗಿ ವಿಮಾನ ಹತ್ತಿದ್ದವು, ಅವಳ ಕೋಲು ಕಸದ ಡಬ್ಬದ ಮುಂದೆ ನಿಂತಿತ್ತು, ತಪ್ಪು ಪೂರ್ತಿ ನನ್ನದು.

"ನಡಿಯಮ್ಮಿ!" ಎಂದು ಅವಳ ರಟ್ಟೆ ಹಿಡಿದು ಕೌಂಟರಿಗೆ ಓಡಿದೆ. ಅದೇ ಹುಡುಗಿ. ನಮ್ಮ ಸೂಟ್‌ಕೇಸು ಆಗಲೇ ಒಳಗೆ ಹೋಗಿತ್ತು. "ಬರೀ ಕೋಲು ಹಾಗೇ ಹಾಕೋಕಾಗಲ್ಲ ಮೇಡಂ. ಏನಾದ್ರೂ ಸುತ್ತಿ ಕೊಡಿ, ಬೇಗ" ಎಂದಳು. ಸುತ್ತಲು ನನ್ನ ಕೈಚೀಲದಲ್ಲಿ ಇದ್ದದ್ದು ಒಂದೇ ಒಂದು.

ಮಡಿಕೆಯನ್ನೂ ಬಿಚ್ಚಿರದ ಸೀರೆ ಕಣ್ರೀ! ಆದರೂ ಬಿಚ್ಚಿದೆ, ಕೋಲಿಗೆ ಅಡಿಯಿಂದ ಮುಡಿತನಕ ಸುತ್ತಿದೆ, ಸೆರಗಿನಿಂದ ಬಿಗಿದು ಗಂಟು ಹಾಕಿದೆ. "ಅಯ್ಯೋ, ಜರಿ ಕಣವ್ವಾ!" ಎಂದು ಸಿದ್ದಮ್ಮ ಕೈ ಹಿಡಿದಳು. "ಸುಮ್ಕಿರು, ನಿಮ್ಮತ್ತೆಗೆ ಉಡಿಸ್ತಾ ಇವ್ನಿ" ಎಂದೆ. ಹುಡುಗಿ ನಗುತ್ತಾ ಚೀಟಿ ಅಂಟಿಸಿದಳು. ಕೋಲಿನಿಂದ ಹೆಚ್ಚಾದ ಆ ಒಂದು ಕೆಜಿಯ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ತೂಕದ ಮಾತೆತ್ತಲಿಲ್ಲ.

ದೆಹಲಿಯಲ್ಲಿ ಎಲ್ಲರ ಪೆಟ್ಟಿಗೆ ಬಂದವು, ನಮ್ಮವೂ ಬಂದವು, ಕೋಲು ಮಾತ್ರ ಇಲ್ಲ. ಸಿದ್ದಮ್ಮ ಆಂಜನೇಯನಿಗೆ ಹರಕೆ ಕಟ್ಟುತ್ತಲೇ ಇದ್ದಳು. ಬೆಲ್ಟು ಖಾಲಿಯಾದ ಮೇಲೆ, ಕಟ್ಟಕಡೆಗೆ, ಅತ್ತೆ ಒಬ್ಬಳೇ ಮಲಗಿಕೊಂಡು ಬಂದಳು. ಸೀರೆಗೆ ಉದ್ದಕ್ಕೂ ಕಪ್ಪು ಗ್ರೀಸು, ಒಂದು ಕಡೆ ಜರಿ ಕಿತ್ತು ನೇತಾಡುತ್ತಿತ್ತು.

ಮರುದಿನ ಮೇಳದ ಉದ್ಘಾಟನೆಗೆ ಅದೇ ಸೀರೆ ಉಟ್ಟೆ, ಗ್ರೀಸು ನೆರಿಗೆಯೊಳಗೆ ಹೋಗುವ ಹಾಗೆ. ಸಿದ್ದಮ್ಮ ನನ್ನ ನೆರಿಗೆಯನ್ನೇ ನೋಡುತ್ತಾ ನಾಲ್ಕು ತಪ್ಪಲೆ ಮುದ್ದೆ ತಿರುವಿದಳು. ಐದನೆಯದಕ್ಕೆ ಹಿಟ್ಟು ಸುರಿದು, ಕೋಲನ್ನು ನನ್ನ ಕಡೆ ಚಾಚಿದಳು.

"ಹಿಡಿ."

"ಅದು ಸೊಸೆ ಕೈಗಲ್ವಾ?"

"ಸೊಸೆ ಬರೋಗಂಟ ನೀನೇ ಒಸಿ ತಿರುವು. ಕೈ ನೋಯ್ತಾ ಐತೆ."

ಅವಳ ಕೈ ನೋಯುತ್ತಿರಲಿಲ್ಲ, ಅದು ನನಗೆ ಗೊತ್ತು. ಕಣ್ಣು ತುಂಬಿ ಬಂದು, ತಪ್ಪಲೆಯೂ ಸರಿಯಾಗಿ ಕಾಣಲಿಲ್ಲ. ತಿರುವಿದೆ. ಎಂದಿನಂತೆ ಗಂಟೋ ಗಂಟು. ಸಿದ್ದಮ್ಮ ಬಗ್ಗಿ ನೋಡಿ, "ಇದ ಯಾರ್ಗೂ ಇಕ್ಕಬ್ಯಾಡ, ನಾವೇ ಉಣ್ಣನ" ಎಂದು ಎರಡು ತಟ್ಟೆ ತೆಗೆದಳು.