ಬಾಜೂಕಿಟ್ಟ ರೊಟ್ಟಿ

"ಐದು ಪಾಯಿಂಟ್ ಎಂಟು" ಎನ್ನುತ್ತ ಡಾಕ್ಟರು ರಕ್ತ ತಪಾಸಣೆಯ ಚೀಟಿಯನ್ನು ಮೇಜಿನ ಮೇಲೆ ಶಿವಶರಣನ ಕಡೆ ತಿರುಗಿಸಿಟ್ಟರು. "ಈ ವಯಸ್ಸಿನ ಹುಡುಗಿಗೆ ಹನ್ನೆರಡರ ಇರಬೇಕ್ರಿ. ಅರ್ಧಾ ರಕ್ತದ ಮ್ಯಾಲ ಸಾಲಿಗೆ ಹೋಗಿ ಬರಾಕತ್ತಾಳ ನಿಮ್ಮ ಮಗಳು."

ಶಿವಶರಣ ಚೀಟಿ ಓದಲಿಲ್ಲ, ಡಾಕ್ಟರ ಮುಖ ಓದಿದ. ತಿಕೋಂಡಿಯಲ್ಲಿ ದನದ ಹಿಂಡಿ ಮಾರುವ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಎದುರಿನವರು ನಿಜ ಹೇಳುತ್ತಾರೋ ಇಲ್ಲವೋ ಮುಖ ನೋಡಿದರೇ ತಿಳಿಯುತ್ತದೆಂದು ಅವನ ನಂಬಿಕೆ. ಈ ಲೇಡಿ ಡಾಕ್ಟರು ಸುಳ್ಳು ಹೇಳುವಂತೆ ಕಾಣಲಿಲ್ಲ. ಹಾಗಾದರೆ ಮಷೀನೇ ಸುಳ್ಳು ಹೇಳಿರಬೇಕು.

"ಇನ್ನೊಮ್ಮಿ ತಪಾಸ ಮಾಡ್ರಿ ಮ್ಯಾಡಮ್. ಯಾರದರ ರಕ್ತಾ ಇದ್ರಾಗ ಕೂಡಿರಬೇಕು."

ಡಾಕ್ಟರು ಎದ್ದು ಬಂದು, ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಮಗಳು ವಿದ್ಯಾವತಿಯ ಗದ್ದ ಎತ್ತಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ತೋರಿಸಿದರು. "ಇಲ್ಲಿ ಕೆಂಪಗಿರಬೇಕು. ನೀವ ನೋಡ್ರಿ." ಕೆಂಪು ಇರಲಿಲ್ಲ. ಸುಣ್ಣ ಹಚ್ಚಿದ ಹಾಗೆ ಬೆಳ್ಳಗಿತ್ತು. ಹದಿನಾರು ವರ್ಷದಿಂದ ದಿನಾ ನೋಡುತ್ತಿದ್ದ ಮುಖ ಅದು.

ಮುಂಜಾನೆ ಶಾಲೆಯ ಪ್ರಾರ್ಥನೆಯಲ್ಲಿ ಹುಡುಗಿ ನಿಂತಲ್ಲೇ ಕುಸಿದಿದ್ದಳು. ಮಾಸ್ತರರು ಫೋನು ಮಾಡಿದಾಗ ಶಿವಶರಣನಿಗೆ ಮೊದಲು ಬಂದದ್ದು ಸಿಟ್ಟು. ಜತ್ತಿನ ಆಸ್ಪತ್ರೆಗೆ ಬರುವ ದಾರಿಯುದ್ದಕ್ಕೂ ಮೋಟರ್ ಸೈಕಲ್ ಮೇಲಿಂದಲೇ ಬೈದಿದ್ದ: ಮೊಬೈಲಿನಲ್ಲಿ ಹೀರೋಯಿನ್‌ಗಳನ್ನು ನೋಡಿ ನಡು ಸಣ್ಣ ಮಾಡಿಕೊಳ್ಳಲಿಕ್ಕೆ ಉಪವಾಸ ಬಿದ್ದಿರಬೇಕು, ಈಗಿನ ಹುಡುಗಿಯರ ಹಣೆಬರಹವೇ ಇಷ್ಟು.

"ದಿನಾ ಏನ ಊಟಾ ಮಾಡ್ತಾಳ್ರಿ?" ಡಾಕ್ಟರು ಪೆನ್ನು ಹಿಡಿದು ಕೇಳಿದರು.

ಇದು ಅವನಿಗೆ ಗೊತ್ತಿದ್ದ ಪ್ರಶ್ನೆ. ಬೆನ್ನು ನೆಟ್ಟಗಾಯಿತು. "ನಮ್ಮ ಮನ್ಯಾಗ ಊಟಕ್ಕ ಕಮ್ಮಿ ಅನ್ನೂದ ಇಲ್ರಿ. ಮುಂಜಾನಿ ಬಿಸಿ ರೊಟ್ಟಿ, ಕೆನಿಮೊಸರ, ಶೇಂಗಾ ಚಟ್ನಿ. ಮಧ್ಯಾನ್ನ ಬದ್ನಿಕಾಯಿ ಎಣ್ಣಿಗಾಯಿ, ಕಾಳಪಲ್ಯ, ಅನ್ನಾ ಸಾರು. ಸಂಜಿಕ ಮತ್ತ ರೊಟ್ಟಿ, ಪುಂಡಿಪಲ್ಯ, ಮ್ಯಾಲ ಒಂದ ವಾಟಿ ಹಾಲು. ಎರಡ ಎಮ್ಮಿ ಹಿಂಡ್ತಾವು, ತುಪ್ಪಾ ಮನೀದು. ಹೊರಗಿಂದೊಂದ ಹೊಟ್ಟಿಗೆ ಹೋಗಂಗಿಲ್ಲ."

ಈ ಮಾತನ್ನು ಅವನು ಹದಿನೈದು ದಿನದ ಹಿಂದೆ ಮೈಕಿನಲ್ಲಿ ಹೇಳಿದ್ದ. ಶಾಲೆಯ ಪಾಲಕರ ಸಭೆಯಲ್ಲಿ ಮಕ್ಕಳನ್ನು ಬೆಳೆಸುವುದು ಹೇಗೆ ಎಂದು ನಾಲ್ಕು ಮಾತಾಡಲು ಊರವರು ಅವನನ್ನೇ ಎಬ್ಬಿಸಿದ್ದರು. ಎಬ್ಬಿಸದೆ ಏನು? ಅವನ ಮನೆಗೆ ಬಂದು ಹಸಿದು ಹೋದವರು ಸುತ್ತಿನ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಹಿಂಡಿ ಕೊಳ್ಳಲು ಬಂದವರನ್ನು, ಟೆಂಪೋ ಡ್ರೈವರುಗಳನ್ನು, ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೊರಟವರನ್ನು ಕೈ ಹಿಡಿದು ಒಳಗೆ ಕರೆದು ತಾಟಿನ ಮುಂದೆ ಕೂರಿಸುತ್ತಿದ್ದ. ಮಕ್ಕಳಿಗೆ ಆಸ್ತಿ ಕೊಡಬೇಡಿ, ಮನೆಯ ಊಟ ಕೊಡಿ, ನಾಲ್ಕು ಮಂದಿಗೆ ನೀಡಿ ಉಣ್ಣುವ ಬುದ್ಧಿ ಕೊಡಿ ಎಂದು ಅವನು ಹೇಳಿದಾಗ ಚಪ್ಪಾಳೆ ಬಿದ್ದಿತ್ತು. ಹೆಣ್ಣುಮಕ್ಕಳ ಸಾಲಿನಲ್ಲಿ ವಿದ್ಯಾವತಿಯೂ ಕೂತು ಚಪ್ಪಾಳೆ ತಟ್ಟಿದ್ದಳು.

ಡಾಕ್ಟರು ಏನೂ ಬರೆದುಕೊಳ್ಳಲಿಲ್ಲ. "ಅದು ನಿಮ್ಮ ಮನ್ಯಾಗ ಮಾಡೂ ಅಡಗಿ ಆತ್ರಿ. ಈಕಿ ಏನ ಉಂಡಾಳ ಅಂತ ಕೇಳಿದೆ ನಾ. ನಿನ್ನಿ ಮಧ್ಯಾನ್ನ ಏನ ಉಂಡ್ಲು?"

ಶಿವಶರಣ ಬಾಯಿ ತೆರೆದ. ನಿನ್ನೆ ರವಿವಾರ, ಮಧ್ಯಾಹ್ನ ತಾನು ಉಂಡದ್ದು ನೆನಪಿತ್ತು. ಪಕ್ಕದಲ್ಲಿ ಮಗ ಕಲ್ಮೇಶ ಮೂರನೆಯ ರೊಟ್ಟಿಗೆ ತುಪ್ಪ ಹಾಕಿಸಿಕೊಂಡದ್ದು ನೆನಪಿತ್ತು. ಬಾಲಗಾಂವದಿಂದ ಬಂದ ನಾಲ್ವರು ಎಣ್ಣೆಗಾಯಿಯನ್ನು ಹೊಗಳಿ ಹೊಗಳಿ ಉಂಡದ್ದು ನೆನಪಿತ್ತು. ಮಗಳು ರೊಟ್ಟಿ ನೀಡಲು ಬಾಗಿದಾಗ ಕಂಡ ಕೈ ನೆನಪಿತ್ತು, ಬಳೆ ಮೊಣಕೈತನಕ ಜಾರುತ್ತಿದ್ದ ಕೈ. ಅವಳ ತಾಟು ಮಾತ್ರ ನೆನಪಾಗಲಿಲ್ಲ. ನಿನ್ನೆಯದು ಬಿಡಿ, ಮೊನ್ನೆಯದು, ಹೋದ ಪಂಚಮಿಯದು, ಹೋದ ವರ್ಷದ್ದೂ ನೆನಪಾಗಲಿಲ್ಲ. ಹನ್ನೆರಡಕ್ಕೆ ಮೈನೆರೆದ ಮೇಲೆ ಅವಳು ಅವ್ವನ ಜೊತೆ ಒಳಗೆ, ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದಳು. ನಾಲ್ಕು ವರ್ಷದಿಂದ ಅವನು ತನ್ನ ಮಗಳು ಉಣ್ಣುವುದನ್ನು ಕಣ್ಣಾರೆ ಕಂಡಿರಲಿಲ್ಲ.

"ನೀನ ಹೇಳವಾ" ಎಂದರು ಡಾಕ್ಟರು ಹುಡುಗಿಗೆ.

"ರೊಟ್ಟಿ."

"ಎಷ್ಟು?"

ವಿದ್ಯಾವತಿ ಅಪ್ಪನನ್ನು ಓರೆಗಣ್ಣಿಂದ ನೋಡಿದಳು. "ಅರ್ಧಾ. ಅವ್ವಾಗ ಅರ್ಧಾ."

"ಪಲ್ಯ?"

"ಮುಗದಿತ್ರಿ. ಚಟ್ನಿಗೆ ನೀರ ಹಾಕ್ಕೊಂಡ್ವಿ."

"ಹಾಲು?"

"ಮಂದಿ ಬಂದಿದ್ರಲ್ರಿ, ಚಾಕ್ಕ ಆತು."

"ಸುಳ್ಳ!" ಎಂದು ಶಿವಶರಣ ಕೂಗಿಬಿಟ್ಟ. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಬಾಗಿಲಲ್ಲಿ ಇಣುಕಿದರು. ಮಗಳು ಬೆದರಲಿಲ್ಲ, ಅಳಲೂ ಇಲ್ಲ. ಅಪ್ಪನನ್ನು ಮಂದಿಯ ಮುಂದೆ ಸಣ್ಣವನನ್ನಾಗಿ ಮಾಡಿದೆನಲ್ಲ ಎಂಬ ಸಂಕೋಚ ಮಾತ್ರ ಅವಳ ಮುಖದಲ್ಲಿತ್ತು. ಅದನ್ನು ಕಂಡು ಅವನಿಗೆ ಖಾತ್ರಿಯಾಯಿತು, ಅವಳು ಹೇಳಿದ್ದು ಅಕ್ಷರಶಃ ನಿಜ.

ಡಾಕ್ಟರು ಸಲೈನಿನಲ್ಲಿ ಒಂದು ಔಷಧಿ ಕೊಟ್ಟರು, ಗುಳಿಗೆ ಬರೆದರು. ಮುಂದಿನ ವಾರ ಮತ್ತೆ ರಕ್ತ ನೋಡೋಣ, ಇದಕ್ಕಿಂತ ಇಳಿದಿದ್ದರೆ ಮಿರಜಕ್ಕೆ ಕಳಿಸಿ ರಕ್ತ ಏರಿಸಬೇಕಾಗುತ್ತದೆ, ಹೃದಯದ ಮೇಲೆ ಭಾರ ಬೀಳುತ್ತಿದೆ ಎಂದರು. "ಔಷಧ ನಾ ಕೊಡ್ತೀನ್ರಿ. ಊಟಾ ನೀವ ಹಾಕಬೇಕು."

ಮರಳುವಾಗ ಸಂಖ ಹಳ್ಳಿಯ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಕೂತಿದ್ದಳು. ತಗ್ಗಿನಲ್ಲಿ ಗಾಡಿ ಹಾರಿದಾಗಲೂ ಹಿಂದೆ ಯಾರೋ ಕೂತಿದ್ದಾರೆಂಬ ಭಾರವೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆಯೂ ಹೀಗೇ ಇದ್ದಿರಬೇಕು. ಬೆಳಿಗ್ಗೆ ಅವನು ಬೈಯುವುದರಲ್ಲಿದ್ದ.

ಮನೆ ಮುಟ್ಟಿದಾಗ ಎರಡು ಗಂಟೆ. ಹೆಂಡತಿ ರುಕ್ಮವ್ವ ಬಾಗಿಲಲ್ಲೇ ನಿಂತಿದ್ದಳು. ಮಗಳನ್ನು ಒಳಗೆ ಕಳಿಸಿ ಅವನು ಅಲ್ಲೇ ಕೇಳಿದ.

"ಇಷ್ಟ ದಿನಾ ಒಂದ ಮಾತ ಹೇಳಬಾರದೇನ? ಮನ್ಯಾಗ ಜ್ವಾಳಾ ಇರಲಿಲ್ಲೇನ?"

"ಜ್ವಾಳಾ ಅದ. ಹಿಟ್ಟೂ ಅದ" ಎಂದಳು ರುಕ್ಮವ್ವ. ದನಿ ಏರಿಸಲಿಲ್ಲ. "ಇಪ್ಪತ್ತೈದ ರೊಟ್ಟಿ ಬಡದ ಒಲಿ ಆರಿಸಿರ್ತೀನಿ. ಆಮ್ಯಾಲ ನೀವ ನಾಕ ಮಂದೀನ ಕರಕೊಂಡ ಬರ್ತೀರಿ. ಅವರು ಉಂಡು ಕೈ ತೊಳ್ಕೊಂಡ ಹೋದ್ಮ್ಯಾಲ, ತನಗಂತ ಮತ್ತ ಹಂಚ ಇಟ್ಟು ರೊಟ್ಟಿ ಬಡಕೊಳ್ಳೂ ಹೆಣ್ಣಮಗಳನ್ನ ಎಲ್ಲಿಯರ ನೋಡೀರೇನ್ರಿ?"

"ಆಕೀಗರ ಮೊದಲ ಹಾಕಬೇಕಿತ್ತಲಾ!"

"ಒಂದ ಸಲ ಹಾಕಿದ್ದೆ. ಮಂದಿ ಉಣ್ಣೂಕಿಂತ ಮೊದಲ ಹೆಣ್ಣಹುಡುಗಿ ತಾಟಿಗೆ ಕುಂತದ, ಹೆಂಗ ಕಲಸೀದಿ ಅಂತ ನೀವ ಬೈದಿದ್ರಿ. ಅವತ್ತಿಂದ ಆಕಿನ ಬ್ಯಾಡ ಅಂತಾಳ."

ಅವನಿಗೆ ಆ ದಿನ ನೆನಪೇ ಇರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ಬೈದದ್ದು ಮರೆತುಹೋಗಿತ್ತು, ಬೈಗುಳ ಮಾತ್ರ ನಾಲ್ಕು ವರ್ಷ ಈ ಮನೆಯಲ್ಲಿ ನಡೆದುಕೊಂಡು ಬಂದಿತ್ತು. ರುಕ್ಮವ್ವನ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಬೇಕೆನಿಸಿತು. ಕೈ ಎತ್ತಿದ, ಧೈರ್ಯ ಸಾಲಲಿಲ್ಲ.

"ಇಬ್ರೂ ಕುಂದರ್ರಿ. ಇವತ್ತ ನಾ ನೀಡ್ತೀನಿ" ಎಂದ.

ನೀಡಲು ಹೋದವನಿಗೆ ತುಪ್ಪದ ಗಡಿಗೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ರುಕ್ಮವ್ವ ಕೂತಲ್ಲಿಂದಲೇ ಕೈ ಮಾಡಿ ತೋರಿಸಿದಳು. ಬುಟ್ಟಿಯ ಬಟ್ಟೆ ಸರಿಸಿ ಇಬ್ಬರಿಗೂ ಎರಡೆರಡು ರೊಟ್ಟಿ ಕೊಟ್ಟ, ಕಾಳುಪಲ್ಯ ಹಾಕಿದ, ತುಪ್ಪ ಸುರಿಯುವಾಗ ನೆಲಕ್ಕೂ ಚೆಲ್ಲಿದ. ಆಮೇಲೆ ಗೋಡೆಗೆ ಒರಗಿ ಕೂತು ಮಗಳನ್ನೇ ನೋಡಿದ. ಅವಳು ಒಂದು ಮೊಣಕಾಲು ಎತ್ತಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಕರೆದರೆ ತಟ್ಟನೆ ಏಳಲು ಬರುವಂತೆ. ರೊಟ್ಟಿಯನ್ನು ಗುಬ್ಬಿಗೆ ಹಾಕುವಷ್ಟು ಸಣ್ಣ ಸಣ್ಣ ಚೂರು ಮಾಡಿ ಬಾಯಿಗಿಡುತ್ತಿದ್ದಳು. ಒಂದು ರೊಟ್ಟಿ ತಾಟಿನಲ್ಲಿತ್ತು. ಇನ್ನೊಂದನ್ನು ತಾಟಿಗೆ ತಾಕದಂತೆ, ಪಕ್ಕದಲ್ಲಿ ಮಡಚಿದ ಬಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ರುಕ್ಮವ್ವನೂ ಹಾಗೇ ಇಟ್ಟುಕೊಂಡಿದ್ದಳು.

"ಅದನ್ಯಾಕ ಬಾಜೂಕ ಇಟ್ಟಿ, ತಂಗಿ?"

"ತಾಟಿನ್ಯಾಗ ಇಟ್ರ ಎಂಜಲಾಗ್ತದಲಾ ಅಪ್ಪಾ" ಎಂದಳು ವಿದ್ಯಾವತಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಯಾರರ ಬಂದ್ರ ಅವರಿಗೆ ಹಾಕಾಕ ಬರಂಗಿಲ್ಲ. ನಾಳಿ ಅಮಾಸಿ. ಗುಡ್ಡಾಪುರಕ್ಕ ಹೋಗವ್ರು ಇವತ್ತಿಂದನ ಬರ್ತಾರ."

ಇದನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ತಾಯಿ ಮಗಳು ದಿನವೂ ಉಣ್ಣುವ ಮೊದಲು ತಮ್ಮ ಪಾಲನ್ನು ಹೀಗೆ ಮಡಿಯಾಗಿ ಪಕ್ಕಕ್ಕಿಟ್ಟು, ಹೊರಗಿನ ಸಪ್ಪಳ ಕೇಳುತ್ತ ಕಾದು, ಯಾರೂ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ತಾಟಿಗೆ ಹಾಕಿಕೊಳ್ಳುತ್ತಿದ್ದರು. ಮೈಕಿನಲ್ಲಿ ಅವನು ಊರಿಗೆಲ್ಲ ಹೇಳಿದ ಬುದ್ಧಿ ಇದೇ. ಮಗಳು ಅದನ್ನು ಎಲ್ಲರಿಗಿಂತ ಚಲೋ ಕಲಿತಿದ್ದಳು. ಶಿವಶರಣ ಅವಳ ಮುಂದೆ ಸರಿದು ಕೂತ.

"ಉಣ್ಣವಾ. ಅದೂ ನಿಂದ."

"ಸಾಕಪ್ಪಾ. ಹೊಟ್ಟಿ ಹಿಡಸವಲ್ದು."

"ಒಂದ ರೊಟ್ಟಿಗೇ?"

ಅವಳು ನಕ್ಕಳು. ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಉಳಿದಿತ್ತು.

ಆಗ ಹೊರಗಿಂದ ದನಿ ಬಂತು. "ಶರಣಾರ್ಥಿರೀ! ಶಿವಶರಣಪ್ಪಾರ ಅದಾರೇನ್ರಿ ಮನ್ಯಾಗ?" ಮೂರು ನಾಲ್ಕು ಮಂದಿಯ ಕೆಮ್ಮು, ಮಾತು. ವಿಜಯಪುರದ ಕಡೆಯಿಂದ ನಡೆದು ಬಂದವರಿರಬೇಕು. "ಬರ್ರಿ, ಕುಂದ್ರಿ" ಎಂಬ ಮಾತು ಇಪ್ಪತ್ತು ವರ್ಷದ ರೂಢಿಯಿಂದ ಅವನ ನಾಲಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ವಿದ್ಯಾವತಿಯ ಎಡಗೈ, ಯಾರೋ ಹೇಳಿದ್ದಕ್ಕೋ ಅವಳು ಯೋಚಿಸಿದ್ದಕ್ಕೋ ಅಲ್ಲ, ತಾನಾಗಿಯೇ ಪಕ್ಕದ ರೊಟ್ಟಿಯನ್ನು ಎತ್ತಿ ಬುಟ್ಟಿಯ ಕಡೆ ಚಾಚಿತು. ಇನ್ನೊಂದು ಬದಿಯಿಂದ ರುಕ್ಮವ್ವನ ಕೈಯೂ ಚಾಚಿತ್ತು.

ಶಿವಶರಣ ಮಗಳ ಕೈಯಿಂದ ರೊಟ್ಟಿ ಕಸಿದುಕೊಂಡ. ಮುರಿದು, ಅವಳ ಎಂಜಲು ತಾಟಿನ ಪಲ್ಯದಲ್ಲಿ ಅದ್ದಿ, ಉಳಿದದ್ದನ್ನು ತಾಟಿಗೇ ಹಾಕಿ, ತುತ್ತನ್ನು ಅವಳ ಬಾಯಿಯ ಹತ್ತಿರ ಹಿಡಿದ. ಕೈಯಿಂದ ತುಪ್ಪ ಮೊಣಕೈಗೆ ಇಳಿಯಿತು.

"ತಿನ್ನು" ಎಂದ. "ನಿನಗ ಕೈ ಮುಗಿತೀನಿ, ತಿನ್ನು."

ವಿದ್ಯಾವತಿ ಬಾಯಿ ತೆರೆಯಲಿಲ್ಲ. ಅವಳ ಕಣ್ಣು ಅವನ ಹೆಗಲ ಮೇಲಿಂದ ಬಾಗಿಲ ಕಡೆ ಇತ್ತು.

"ಅಪ್ಪಾ, ಮಂದಿ ಬಂದಾರ" ಎಂದಳು.

ಅವನು ತುತ್ತು ಹಿಡಿದೇ ಇದ್ದ. ಹೊರಗೆ ಪಡಸಾಲೆಯ ಮೆಟ್ಟಿಲ ಬಳಿ ಒಬ್ಬೊಬ್ಬರಾಗಿ ಚಪ್ಪಲಿ ಬಿಡುವ ಸಪ್ಪಳ ಕೇಳಿಸುತ್ತಿತ್ತು.